ಕನ್ಯಾ ನೋಡುವ ದಿನ ಬ್ಯಾಟರಿ ತೊಳೆದದ್ದು

ಕಾರಿನ ಬ್ಯಾಟರಿ ಸ್ವಚ್ಛ ಮಾಡುವುದರಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ. ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿದ್ದೇನೆ. ಅದರಲ್ಲಿ ಎರಡನ್ನು ಪೂರ್ತಿ ನೋಡಿದ್ದೇನೆ!

ಅವತ್ತು ನನಗೇ ಕನ್ಯಾ ನೋಡಲು ಅಸಂಗಿಯಿಂದ ಡಫಳಾಪುರಕ್ಕೆ ಹೋಗುವುದಿತ್ತು. ಹನ್ನೊಂದರೊಳಗೆ ಬರಬೇಕು, ಆಮೇಲೆ ಗಳಿಗೆ ಚಲೋ ಇಲ್ಲ ಎಂದು ಹುಡುಗಿಯ ಅಪ್ಪ ಎರಡು ಸಲ ಫೋನ್ ಮಾಡಿದ್ದರು. ಮುಂಜಾನೆ ಎಂಟಕ್ಕೆ ನಾನು ಬಾನೆಟ್ ಎತ್ತಿದೆ. ಬ್ಯಾಟರಿಯ ಎರಡೂ ಟರ್ಮಿನಲ್ ಮೇಲೆ, ಹಳೆ ಉಪ್ಪಿನಕಾಯಿಗೆ ಬಂದಂತೆ ಹಸಿರು-ಬಿಳಿ ಬೂಷ್ಟು!

"ನಿನ್ನಿ ಚಾಲೂ ಆಗಿತ್ತಲ್ಲೋ ಗಾಡಿ. ಈಗ್ಯಾಕ ಬಿಚ್ಚಾಕತ್ತಿ?" ಎಂದ ಅಪ್ಪ.

"ಹಾದ್ಯಾಗ ಬಂದ್ ಬಿದ್ರ ಮರ್ಯಾದಿ ಹೋಗತೈತಿ ಅಪ್ಪಾ. ಅರ್ಧಾ ತಾಸಿನ ಕೆಲಸ."

ಸುರಕ್ಷತೆಯೇ ಮೊದಲು. ದಾಳಿಂಬೆಗೆ ಔಷಧ ಹೊಡೆಯುವ ಗ್ಲೌಸು, ಕನ್ನಡಕ ಹಾಕಿಕೊಂಡೆ. ಉಂಗುರ ತೆಗೆದಿಟ್ಟೆ. ಮೊದಲು ಮೈನಸ್ ಬಿಚ್ಚಿದೆ, ಆಮೇಲೆ ಪ್ಲಸ್. ಭಜಿಯ ಸೋಡಾವನ್ನು ಬಿಸಿನೀರಿಗೆ ಹಾಕಿ ಸ್ವಲ್ಪ ಸ್ವಲ್ಪ ಸುರಿದೆ. ಬುಸುಬುಸು ನೊರೆ ಬಂತು. ಹಲ್ಲುಜ್ಜುವ ಹಳೆ ಬ್ರಶ್ ತೆಗೆದುಕೊಂಡು ಗಸಗಸ ತಿಕ್ಕಿದೆ.

"ಹಳೇದಲ್ಲೋ ಅದು! ಮೊನ್ನಿ ತಂದೀನಿ!" ಅಪ್ಪ ಬಚ್ಚಲಿನಿಂದ ಬಾಯಿ ತುಂಬ ನೀರಿಟ್ಟುಕೊಂಡೇ ಕೂಗಿದ.

ಇರಲಿ. ವಿಜ್ಞಾನಕ್ಕೆ ತ್ಯಾಗ ಬೇಕು. ಒಣ ಬಟ್ಟೆಯಿಂದ ಒರೆಸಿದಾಗ ಟರ್ಮಿನಲ್ ಬೆಳ್ಳಿಯಂತೆ ಹೊಳೆದವು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮೆಕ್ಯಾನಿಕ್.

ಆದರೆ ನಮ್ಮ ಮನೆಯಲ್ಲಿ ವಿಭೂತಿ ಇಲ್ಲದೆ ಯಾವ ಕಬ್ಬಿಣವೂ ಶುಭಕಾರ್ಯಕ್ಕೆ ಹೊರಡುವುದಿಲ್ಲ. ಟ್ರ್ಯಾಕ್ಟರಿಗೆ ವಿಭೂತಿ, ಪಂಪಿಗೆ ವಿಭೂತಿ. ಹಾಗಾದರೆ ಗಾಡಿಯ ಪ್ರಾಣವಾದ ಬ್ಯಾಟರಿ ಏನು ಪಾಪ ಮಾಡಿತ್ತು? ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಎರಡೂ ಟರ್ಮಿನಲ್ಲಿಗೆ ಮೂರು ಬೆರಳಿನಿಂದ ದಪ್ಪಗೆ ಹಚ್ಚಿದೆ. ಭಕ್ತಿ ಹೆಚ್ಚಾಗಿ ಕ್ಲ್ಯಾಂಪಿನ ಒಳಗೂ ಹಚ್ಚಿದೆ! ಆಮೇಲೆ ಪ್ಲಸ್, ಕೊನೆಗೆ ಮೈನಸ್. ನಟ್ಟಿಗೆ ಪಾನಾ ಹಾಕಿ ಬಿಗಿದೆ.

ಕೀಲಿ ತಿರುಗಿಸಿದೆ.

ಟಕ್.

ಅಷ್ಟೇ!

ಇನ್ನೊಮ್ಮೆ ತಿರುಗಿಸಿದೆ. ಟಕ್ ಕೂಡ ಇಲ್ಲ. ಫ್ಯೂಜ್ ಹೋಗಿರಬೇಕೆಂದು ಎಲ್ಲವನ್ನೂ ಕಿತ್ತು ಮತ್ತೆ ಕೂರಿಸಿದೆ. ಒಂದು ಉಳಿಯಿತು! ಯಾರೂ ನೋಡದ ಹಾಗೆ ಜೇಬಿಗಿಳಿಸಿದೆ.

ಹತ್ತು ಗಂಟೆಗೆ ಅಪ್ಪ ಹೊಸ ಧೋತರ ಮೇಲೆ ಕಟ್ಟಿ ಗಾಡಿ ದೂಡುತ್ತಿದ್ದ. ಇಳಕಲ್ ಸೀರೆಯ ಅವ್ವ ಹಿಂದೆ ಹಿಂದೆ ನಡೆಯುತ್ತ ಬೈಯುತ್ತಿದ್ದಳು. ಮೂವತ್ತು ವರ್ಷ ಟ್ರಕ್ ಓಡಿಸಿದ ಪಕ್ಕದ ಮನೆಯ ಸದಾಶಿವ ಕಾಕಾ ಹನ್ನೊಂದರ ಹೊತ್ತಿಗೆ ಎದುರಿಗೆ ಬಂದರು.

"ಏನ್ ನಡಸೀರಿ? ಗಾಡೀಗೆ ಕನ್ಯಾ ತೋರ್ಸಾಕ ಒಯ್ಯಾಕತ್ತೀರೇನು?" ಎಂದು ಬಾನೆಟ್ ಎತ್ತಿಸಿದರು. ಕ್ಲ್ಯಾಂಪ್ ಬಿಚ್ಚಿ, ಬೆರಳಿಗೆ ಹತ್ತಿದ್ದನ್ನು ನೋಡಿದರು. "ಇದನ್ನ ಯಾವ ಶಾಣ್ಯಾ ಹಚ್ಚ್ಯಾನ?"

"ವಿಭೂತಿರಿ ಕಾಕಾ. ಶುಭ ಆಗ್ಲಿ ಅಂತ..."

"ಕರೆಂಟ್ ಹಾಯೂ ಜಾಗಾದಾಗ ವಿಭೂತಿ ಮೆತ್ತಿದ್ರ ಅದು ಎಲ್ಲಿಂದ ಹಾಯಬೇಕೋ? ಒಂದ್ ತಾಸು ತಿಕ್ಕಿ ಕೊಳಿ ತಗದಿ. ಮತ್ತ ನೀನ ಬ್ಯಾರೆ ತುಂಬಿದಿ! ಭಕ್ತಿ ಇದ್ರ ಬಾನೆಟ್ಟಿಗೆ ಹಚ್ಚೋ!"

ನಾನು ಪಾನಾಕ್ಕೆ ಕೈ ಚಾಚಿದೆ. ಅವ್ವ ಕಸಿದುಕೊಂಡು ಕಾಕಾನ ಕೈಗೆ ಕೊಟ್ಟಳು. ಅವರು ಒರೆಸಿ, ಬಿಗಿದು, ಮೇಲಷ್ಟೇ ಗ್ರೀಸ್ ಸವರಿದರು. ಗಾಡಿ ಒಂದೇ ಏಟಿಗೆ ಚಾಲೂ! ಆದರೆ ಕಾಕಾ ಸಿಕ್ಕಿ, ಕೆಲಸ ಮುಗಿದು, ಅಪ್ಪ ಕೆಸರಾದ ಧೋತರ ಬದಲಿಸುವ ಹೊತ್ತಿಗೆ ಹನ್ನೊಂದೂವರೆ.

ಡಫಳಾಪುರ ಮುಟ್ಟಿದಾಗ ಗಳಿಗೆ ಮುಗಿದು, ಅವಲಕ್ಕಿ ಆರಿತ್ತು. ಹುಡುಗಿಯ ಅಪ್ಪನ ಮುಖ ಗಂಟು.

"ತಡ ಯಾಕಾತ್ರಿ?"

ಪಂಕ್ಚರ್ ಎಂದು ಹೇಳೆಂದು ನಾನು ಅಪ್ಪನಿಗೆ ಕಣ್ಸನ್ನೆ ಮಾಡಿದೆ. ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಬ್ರಶ್‌ನಿಂದ ಶುರು ಮಾಡಿ ವಿಭೂತಿಯ ತನಕ ಎಲ್ಲ ಹೇಳಿದ, ಬೆರಳಿನಿಂದ ಹಚ್ಚಿ ತೋರಿಸಿದ! ಚಹಾ ತಂದ ಹುಡುಗಿಯ ಕೈಯಲ್ಲಿ ಕಪ್ಪುಗಳು ಗಲಗಲ ಅಂದವು. ನಾಚಿಕೆ ಎಂದುಕೊಂಡೆ. ನಗು!

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಐದನೆಯ ದಿನ ಹುಡುಗಿಯ ಅಪ್ಪನ ಫೋನ್ ಬಂತು. ಅವ್ವ ಸ್ಪೀಕರ್ ಹಾಕಿದಳು.

"ಹುಡುಗಿ ಒಪ್ಪ್ಯಾಳ್ರಿ. ಆದ್ರ ಒಂದ್ ಮಾತು. ಮದುವಿ ದಿನ ಗಾಡಿ ನಾವ ಕಳಸ್ತೀವಿ. ನಿಮ್ಮ ಹುಡುಗ ಹಿಂದಿನ ಸೀಟಿನ್ಯಾಗ ಕುಂದರಬೇಕು, ಬಾನೆಟ್ ಮುಟ್ಟಬಾರದು."

"ಆತ್ರಿ, ಆತ್ರಿ! ಕೈ ಕಟ್ಟಿ ಕುಂಡ್ರಿಸ್ತೀವಿ!" ಎಂದಳು ಅವ್ವ.

ಹುಡುಗಿ ನನಗೆ ಒಪ್ಪಿಗೆಯೋ ಇಲ್ಲವೋ ಎಂದು ಯಾರೂ ಕೇಳಲೇ ಇಲ್ಲ!