ಕಾಕಾ ವೈನ್ ಹಿಡಿದದ್ದು

ನಮ್ಮ ಕಾಕಾ ಅರವತ್ತು ದಾಟಿದ ಮೇಲೆ ವೈನ್ ಹಿಡಿದ ಎಂಬ ಸುದ್ದಿಯನ್ನು ಅಂಬೇವಾಡಿ ತುಂಬ ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ನಮ್ಮ ಕಾಕು. "ಮುಂಜಾನೆ ಎದ್ದ ಕೂಡ್ಲೆ ವೈನ್ ಅಂತಾರ್ರಿ, ಊಟಕ್ಕ ಕರದ್ರೂ ವೈನ್ ಅಂತಾರ" ಎಂದು ನಳದ ಹತ್ತಿರ ಅಂದದ್ದೇ ಸಾಕಾಯಿತು. ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯನಿಗೆ ಬುದ್ಧಿ ಹೇಳಲು ಭಜನಿ ಮಂಡಳಿಯ ಇಬ್ಬರು ಹಿರಿಯರು ಬಂದರು. ಕಾಕಾ ಅವರನ್ನು ಕಂಪ್ಯೂಟರ್ ಮುಂದೆ ಕೂಡಿಸಿ ಒಂದು ತಾಸು ಪಾಠ ಮಾಡಿದ. ಇದಕ್ಕಿಂತ ಕುಡಿದಿದ್ದರೇ ಚಲೋ ಇತ್ತು ಅಂದುಕೊಂಡು ಹೋಗಿರಬೇಕು, ಪಾಪ.

ಕಾಕಾ ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವ. ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಾಗ ವಿಂಡೋಸನ್ನೇ ಕಿತ್ತೆಸೆದು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿದ. ಕಾಕು ತನ್ನ ಹಾಡುಗಳ ಫೈಲು ತೆರೆಯುವ ತನಕ ಎಲ್ಲ ಚಲೋ ಇತ್ತು.

ಕಾಕುವಿನ ತಾಯಿ ತಮ್ಮ ಕೊನೆಯ ವರ್ಷ ತೇರಗಾಂವದಿಂದ ಬಂದು ಇವರಲ್ಲೇ ಇದ್ದರು. ಅಳಿಯನಿಗೂ ಅತ್ತೆಗೂ ಅಷ್ಟಕ್ಕಷ್ಟೇ. ಒಂದು ಲೋಟ ನೀರು ಬೇಕಾದರೂ ಇಬ್ಬರೂ ಕಾಕುವಿನ ಮುಖಾಂತರವೇ ಕೇಳುತ್ತಿದ್ದರು. ಆ ಮುದುಕಿ ಹೇಳಿದ ಬೀಸುವ ಹಾಡುಗಳನ್ನೆಲ್ಲ ಕಾಕು ನೇರವಾಗಿ ಕಂಪ್ಯೂಟರಿನಲ್ಲೇ ಕನ್ನಡದಲ್ಲಿ ಟೈಪ್ ಮಾಡಿದ್ದಳು. ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಆ ಟೈಪಿಂಗ್ ತಂತ್ರಾಂಶವೋ, ವಿಂಡೋಸಿನಲ್ಲಿ ಮಾತ್ರ ಓಡುವಂಥದ್ದು. ಲಿನಕ್ಸಿನಲ್ಲಿ ಫೈಲು ತೆರೆದರೆ ಕೊಂಬು, ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು ಮಾತ್ರ.

"ಅವ್ವನ ಹಾಡು ಎಲ್ಲಿ ಹೋದುವು?" ಕಾಕು ಮೆಲ್ಲಗೆ ಕೇಳಿದಳು.

ಅವತ್ತಿನಿಂದ ಕಾಕಾ ವೈನ್ ಹಿಡಿದ. ಅದು ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸಿಕೊಡುವ ಒಂದು ಏರ್ಪಾಡು. ನಾನು ಹೇಳಿದೆ, "ಕಾಕಾ, ಅಂಬಿಕಾನಗರದಾಗ ನನ್ನ ಗೆಳ್ಯಾನ ಕಡೆ ವಿಂಡೋಸ್ ಐತಿ. ಫೈಲ್ ಒಯ್ದು ಅಲ್ಲೆ ತೆಗ್ಯೂಣು."

"ನನ್ನ ಕೈಯಾಗ ಕೆಟ್ಟದ್ದನ್ನ ಮಂದಿ ಮನ್ಯಾಗ ರಿಪೇರಿ ಮಾಡ್ಸಲೇನು?"

ವೈನ್ ಶುರು ಮಾಡಿದರೆ ಪರದೆ ತುಂಬ ಸಾಲುಗಳು ಉದುರುತ್ತಿದ್ದವು, ಹೆಚ್ಚಿನವು 'ಫಿಕ್ಸ್‌ಮಿ' ಎಂದೇ ಶುರು. "ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡೇನಿ. ನನ್ನ ರಿಪೇರಿ ಮಾಡು ಅಂತ ಬಾಯಿ ಬಿಟ್ಟು ಕೇಳಿದ ಮಷೀನು ಇದೊಂದೇ. ಬಿಡೂದು ಹೆಂಗ?" ಎಂದ ಕಾಕಾ ಪ್ರತಿ ಸಾಲನ್ನೂ ನೋಟಬುಕ್ಕಿನಲ್ಲಿ ಬರೆದುಕೊಂಡು ಇಂಟರ್ನೆಟ್ ಕೆಫೆಗೆ ನಡೆದ. ಕಂಡರಿಯದ ಪರದೇಶದವರಿಗೆ ತನ್ನ ಇಂಗ್ಲಿಷಿನಲ್ಲಿ ಪತ್ರ ಹಾಕಿದ: ಮಾನ್ಯರೇ, ನನ್ನ ವೈನ್ ತೆರೆಯುತ್ತಿಲ್ಲ. ಜರ್ಮನಿಯವನೊಬ್ಬ ಉತ್ತರಿಸಿದ: ಮೊದಲು ಬೂಚು ತೆಗೆಯಿರಿ. ಮರುದಿನ ಅವನೇ ಪಾಪ, ಯಾವ ಫೈಲು ಕಡಿಮೆ ಬಿದ್ದಿದೆ ಎಂದು ಸರಿಯಾಗಿ ತಿಳಿಸಿದ.

ಎರಡು ತಿಂಗಳು ನಡೆಯಿತು ಈ ಕುಸ್ತಿ. ಮೊದಲು ತಂತ್ರಾಂಶ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಅಕ್ಷರದ ಬದಲು ಬರೀ ಚೌಕ. ಆಮೇಲೆ ಅಕ್ಷರ ಬಂದವು, ಒತ್ತು ಬರಲಿಲ್ಲ. ಕಾಕು ಕನ್ನಡಕ ಏರಿಸಿ ನೋಡಿ, "ನಮ್ಮವ್ವ ಅವ್ವ ಇದ್ದಾಕಿ, 'ಅವ' ಆಗ್ಯಾಳಲ್ರಿ" ಎಂದಳು. ಕಾಕಾ ಮತ್ತೆ ನೋಟಬುಕ್ ಎತ್ತಿಕೊಂಡ.

ಒಂದು ಮಧ್ಯಾಹ್ನ ಒತ್ತೂ ಬಂತು. ಕಾಕು ಒಂದೊಂದೇ ಹಾಡು ಓದುತ್ತ ಹೋದಳು. ಒಂದು ಕಡೆ ಅಕ್ಷರವಿಲ್ಲದೆ ಬರೀ ಚುಕ್ಕೆಗಳ ಸಾಲು ಬಂತು. ಇದೂ ವೈನಿನ ತಪ್ಪೇ ಇರಬೇಕೆಂದು ನಾನು ಮೌಸ್ ಹಿಡಿದೆ.

"ತಪ್ಪಲ್ಲೋ ಅದು," ಎಂದಳು ಕಾಕು. "ಅಲ್ಲಿ ಅವ್ವಗ ಮುಂದಿನ ಸಾಲು ನೆನಪಾಗಲಿಲ್ಲ. ತಡಿ, ಹೇಳ್ತೇನಿ ಅಂದ್ಲು. ಆಮ್ಯಾಲ ಹೇಳ್ಲೇ ಇಲ್ಲ."

ಕಾಕಾ ನನ್ನ ಕೈಯನ್ನು ಮೌಸಿನಿಂದ ಮೆಲ್ಲಗೆ ಸರಿಸಿದ.

"ಇರ್ಲಿ ಬಿಡು. ಅತ್ತಿಯವ್ರು ಇನ್ನೂ ನೆನಸ್ಕೊಳ್ಳಾಕತ್ತಾರ."

ಕಾಕು ಆ ಚುಕ್ಕೆಗಳನ್ನು ದಾಟದೆ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಕಾಕಾ ಎದ್ದು ಹೋಗಿ ಚಹಾಕ್ಕಿಟ್ಟ.