ಲ್ಯಾಮಿನೇಷನ್ ರಾಯರೂ ಮೂರು ತಲೆಯ ಮೊಸಳೆಯೂ

ಈ ಲೋಕದಲ್ಲಿ ಕೆಡದೆ ಉಳಿಯುವ ವಸ್ತುಗಳು ಎರಡೇ ಎಂದು ಲ್ಯಾಮಿನೇಷನ್ ರಾಯರು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಒಂದು ಸತ್ಯ, ಇನ್ನೊಂದು ಲ್ಯಾಮಿನೇಷನ್ ಮಾಡಿಸಿದ ಕಾಗದ. (ಸತ್ಯದ ಮೇಲೆ ಅವರಿಗೆ ಅಷ್ಟೇನೂ ಭರವಸೆ ಇರಲಿಲ್ಲ. ಮಾತಿಗೆ ತೂಕ ಬರಲಿ ಎಂದು ಸೇರಿಸಿಕೊಂಡಿದ್ದರು.) ಅವರ ನಿಜವಾದ ಹೆಸರನ್ನು ಬೀದಿಯವರು ಎಂದೋ ಮರೆತಿದ್ದರು. ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟು ಇಪ್ಪತ್ತು ವರ್ಷ ಕಳೆದಿತ್ತು, ಆ ಬಿಸಿ ರೋಲರುಗಳ ನಡುವೆ ಹಾದು ಬಾರದ ಕಾಗದ ಅವರ ಮನೆಯಲ್ಲಿ ಉಳಿದಿರಲಿಲ್ಲ. ನೀರಿನ ಬಿಲ್ಲು, ಅತ್ತೆಯವರ ಮಾತ್ರೆ ಚೀಟಿ, ಕೊನೆಗೆ ಗೋಡೆಯ ಕ್ಯಾಲೆಂಡರಿಗೂ ಲ್ಯಾಮಿನೇಷನ್ ಆಗಿತ್ತು. ಹಾಳೆ ತಿರುವಲು ಬಾರದೆ ಆ ಮನೆಯಲ್ಲಿ ವರ್ಷವಿಡೀ ಜನವರಿಯೇ ನಡೆಯಿತು.

ಈ ಹುಚ್ಚಿಗೆ ಅಡ್ಡ ನಿಂತವಳೆಂದರೆ ಅವರ ಹೆಂಡತಿ ಒಬ್ಬಳೇ. ಆಕೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಜನರ ತೋಳು ಹಿಡಿದು, "ಏನೂ ಆಗಲ್ಲ, ಆ ಕಡೆ ನೋಡಿ" ಎನ್ನುವಷ್ಟರಲ್ಲಿ ರಕ್ತ ತೆಗೆದಾಗಿರುತ್ತಿತ್ತು. ಸಿಟ್ಟು ಬಂದರೂ ಆಕೆ ಕೂಗುವವಳಲ್ಲ, ಸೂಜಿ ಹಿಡಿದಾಗಿನ ಅದೇ ಮೆತ್ತನೆಯ ದನಿಯಲ್ಲಿ ಮಾತಾಡುತ್ತಿದ್ದಳು. ರಾಯರಿಗೆ ಕೂಗಾಟವಾದರೂ ಸೈ, ಆ ಮೆತ್ತನೆಯ ದನಿ ಕೇಳಿದರೆ ಕೈಕಾಲು ತಣ್ಣಗಾಗುತ್ತಿದ್ದವು. ಹಿಂದೊಮ್ಮೆ ಅವರು ಪ್ರೀತಿಯಿಂದ ಆಕೆಯ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಟ್ಟಿದ್ದರು. ಅದರ ಬೆನ್ನಿಗೆ ಸೀಲು ಹಾಕಬೇಕಾಗಿದ್ದ ಗುಮಾಸ್ತ, ಸೀಲು ಜಾರಿ ಜಾರಿ ತನ್ನ ಅಂಗೈಗೇ ಒತ್ತಿಕೊಂಡು, ಆಕೆಯನ್ನು ಹಾಗೆಯೇ ವಾಪಸು ಕಳಿಸಿದ. ಅಂದು ಸಂಜೆ ಆಕೆ, "ರೀ, ಇನ್ಮೇಲೆ ನನ್ನ ಯಾವ ವಸ್ತುನೂ ಮುಟ್ಟಬೇಡಿ" ಎಂದು ಮೆತ್ತಗೆ ಹೇಳಿದ್ದಳು. ರಾಯರು ಒಂದು ವಾರ ಮನೆಯಲ್ಲಿ ತಮ್ಮ ತಟ್ಟೆಯನ್ನು ಮುಟ್ಟಲೂ ಹಿಂದೆಮುಂದೆ ನೋಡಿದರು.

ಇಂಥ ಹೆಂಡತಿಗೆ ಒಂದು ವ್ಯಸನವಿತ್ತು, ಕೋಟೆ ಕಾಳಗ ಎಂಬ ಕಾರ್ಡಿನ ಆಟ. ಇಸ್ಪೀಟಲ್ಲ. ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣ ಕೊಳ್ಳಬೇಕು, ಒಡೆದರೆ ಒಳಗೆ ರಾಕ್ಷಸ ಸಿಗುತ್ತಾನೋ ಕಪ್ಪೆ ಸಿಗುತ್ತದೋ ಬ್ರಹ್ಮನಿಗೂ ತಿಳಿಯದು. ಹಾಗೆ ಕೂಡಿಸಿದ ಕಾರ್ಡುಗಳ ಕಟ್ಟು ಹಿಡಿದು ಎದುರಾಳಿಯ ಕೋಟೆ ಕೆಡವಬೇಕು. ಆಕೆಗೆ ಒಂದು ಪೊಟ್ಟಣದಲ್ಲಿ ಮೂರು ತಲೆಯ ಮೊಸಳೆ ಸಿಕ್ಕಿತ್ತು. ಊರಿನಲ್ಲಿ ಇನ್ನೊಬ್ಬರ ಬಳಿ ಅದು ಇರಲಿಲ್ಲ. ಆಟಿಕೆ ಅಂಗಡಿಯ ಮಹಡಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಟೂರ್ನಮೆಂಟಿನಲ್ಲಿ ಗೆದ್ದವರು ದೊಡ್ಡ ಟೂರ್ನಮೆಂಟಿಗೆ ಹೋಗುತ್ತಿದ್ದರು. ಎರಡು ವರ್ಷ ಸೆಮಿಫೈನಲ್ಸಿನಲ್ಲಿ ಸೋತು ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ ಆಕೆ, ಈ ಸಲ ಗೆದ್ದೇ ತೀರುತ್ತೇನೆಂದು ಹೊರಟಿದ್ದಳು.

ಟೂರ್ನಮೆಂಟಿನ ಹಿಂದಿನ ದಿನ ಮಧ್ಯಾಹ್ನ ರಾಯರು ಊಟಕ್ಕೆ ಮನೆಗೆ ಬಂದಾಗ ಆಕೆ ಲ್ಯಾಬಿನಲ್ಲಿದ್ದಳು. ಕಪಾಟಿನಲ್ಲಿ ಕಾರ್ಡಿನ ಡಬ್ಬಿ ಇತ್ತು. ಸುಮ್ಮನೆ ತೆರೆದು ನೋಡಿದರೆ ಮೇಲೆಯೇ ಮೊಸಳೆ. ಅದರ ಒಂದು ಮೂಲೆ ಕೊಂಚ ಸವೆದಿತ್ತು. ಆ ಸವೆದ ಮೂಲೆಯನ್ನು ನೋಡಿ ರಾಯರ ಕರುಳು ಚುರುಕ್ಕೆಂದಿತು. ನಾನೊಬ್ಬ ಇದ್ದೂ ನನ್ನ ಹೆಂಡತಿಯ ಮೊಸಳೆಗೆ ಈ ಗತಿಯೇ? ಆ ಗಳಿಗೆಯಲ್ಲಿ ಸರ್ಟಿಫಿಕೇಟೂ ನೆನಪಾಗಲಿಲ್ಲ, ಗುಮಾಸ್ತನ ಅಂಗೈಯೂ ನೆನಪಾಗಲಿಲ್ಲ. ಅರ್ಧ ಗಂಟೆಯೊಳಗೆ ಮೂರು ತಲೆಯ ಮೊಸಳೆ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮಿರಮಿರ ಮಿಂಚುತ್ತ ರಾಯರ ಅಂಗಿಯ ಜೇಬಿನಲ್ಲಿತ್ತು. ಸಂಜೆ ಕೈಗಿಟ್ಟು ಅವಳ ಕಣ್ಣರಳುವುದನ್ನು ನೋಡುವುದೊಂದು ಬಾಕಿ.

ಸಂಜೆ ಆಕೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ರಾಯರು ಪೀಠಿಕೆ ಹಾಕಿದರು. "ಅಲ್ಲ ಕಣೇ, ಸುಮ್ನೆ ಕೇಳ್ತೀನಿ. ಆಡೋ ಕಾರ್ಡಿಗೆ ಯಾರಾದ್ರೂ ಲ್ಯಾಮಿನೇಷನ್ ಮಾಡಿಸಿದ್ರೆ ಗಟ್ಟಿ ಆಗಲ್ವಾ?"

ಚಾಕು ನಿಂತಿತು. "ಗಟ್ಟಿ ಆಗತ್ತೆ. ದಪ್ಪನೂ ಆಗತ್ತೆ. ಕಟ್ಟಿನಲ್ಲಿ ಮುಟ್ಟಿದ್ರೆ ಯಾವ ಕಾರ್ಡು ಅಂತ ಗೊತ್ತಾಗಿಬಿಡತ್ತೆ. ಮೋಸ ಅಂತ ಹೊರಗೆ ಹಾಕ್ತಾರೆ."

"ಓಹೋ. ಆಮೇಲೆ ಬಿಡಿಸಿದ್ರಾಯ್ತಲ್ಲ?"

"ಬಿಡಿಸೋಕೆ ಹೋದ್ರೆ ಚಿತ್ರನೇ ಕಿತ್ತು ಬರತ್ತೆ. ನಿಮಗೆ ನಾನು ಹೇಳಿಕೊಡಬೇಕಾ?" ದನಿ ಮೆತ್ತಗಾಗತೊಡಗಿತ್ತು. "ಯಾಕ್ರೀ ಕೇಳಿದ್ರಿ?"

"ಯಾರೋ ಗಿರಾಕಿ ಕೇಳ್ತಿದ್ದ."

"ಆ ಗಿರಾಕಿಗೆ ಹೆಂಡತಿ ಇದಾಳಾ?"

"ಇದಾಳೆ."

"ಪಾಪ" ಎಂದಳು ಆಕೆ. ಯಾರು ಪಾಪ ಎಂದು ಕೇಳುವ ಧೈರ್ಯ ರಾಯರಿಗೆ ಬರಲಿಲ್ಲ. ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಗಿತ್ತು, ಅದರ ಸದ್ದು ಅವಳಿಗೆ ಕೇಳಿಸೀತೆಂದು ಜೇಬಿನ ಮೇಲೆ ಕೈಯಿಟ್ಟುಕೊಂಡರು.

ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಕಣ್ಣು ಚಾಕುವಿನ ಮೇಲೆ ಬಿತ್ತು. ಕೊನೆಗೆ, "ಮಷಿನ್ ಆಫ್ ಮಾಡೋದು ಮರ್ತೆ" ಎಂದು ಹೇಳಿ ಅಂಗಡಿಗೆ ಓಡಿದರು. ಭಯಬಿದ್ದ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ರಾಯರಿಗೆ ಗೊತ್ತಿದ್ದದ್ದು ಎರಡು ಕೆಲಸ. ಲ್ಯಾಮಿನೇಷನ್ ಆಗಿಹೋಗಿತ್ತು, ಉಳಿದದ್ದು ಜೆರಾಕ್ಸ್. ದಪ್ಪ ಕಾಗದ ಹಾಕಿ, ಮೊಸಳೆಯ ಎರಡೂ ಬದಿ ಬಣ್ಣದಲ್ಲಿ ತೆಗೆದು, ಮೂಲೆಗಳನ್ನು ಗುಂಡಗೆ ಕತ್ತರಿಸಿ, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಅದೇ ಮೂರು ತಲೆ, ಅದೇ ಹಲ್ಲು. ಭಯದ ನಡುವೆಯೂ ಒಂದಿಷ್ಟು ಹೆಮ್ಮೆ ಇಣುಕಿತು. ಈ ಬೀದಿಯಲ್ಲಿ ಇಂಥ ಕೆಲಸ ಇನ್ನು ಯಾರಿಗೆ ಬರುತ್ತದೆ? ಎದುರಂಗಡಿಯವನಿಗೋ? (ಅವನು ಹೋದ ವರ್ಷ ಮಿಣಿಮಿಣಿ ದೀಪದ ಬೋರ್ಡು ಹಾಕಿ, ಹೊಸ ಮಷಿನ್ ಇಟ್ಟು, ರಾಯರ ಅರ್ಧ ಗಿರಾಕಿಗಳನ್ನು ಎಳೆದುಕೊಂಡಿದ್ದ. ಅವನ ಮಷಿನ್ನಿನಲ್ಲಿ ಕೆಂಪು ಹಾಕಿದರೆ ಕಿತ್ತಳೆ ಬರುತ್ತದೆಂದು ರಾಯರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.) ಮನೆಗೆ ಬಂದು, ಆಕೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ನಕಲಿ ಮೊಸಳೆಯನ್ನು ಡಬ್ಬಿಗೆ ಸೇರಿಸಿದರು.

ಮಾರನೆಯ ದಿನ ಹೊರಡುವಾಗ ಆಕೆ, "ರೀ, ಇವತ್ತು ನೀವೂ ಬನ್ನಿ" ಎಂದಳು. ಎಂದೂ ಕರೆಯದವಳು ಇಂದೇ ಯಾಕೆ ಕರೆದಳು? ಒಲ್ಲೆನೆಂದರೆ ಅನುಮಾನ, ಹೋದರೆ ಪ್ರಾಣಸಂಕಟ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಹಾಗೆ ರಾಯರು ಹೊರಟರು. ದಾರಿಯಲ್ಲಿ ಆಕೆ, "ಒಂದ್ನಿಮಿಷ, ಏನೋ ಮರ್ತಿದ್ದೆ" ಎಂದು ಲ್ಯಾಬಿನೊಳಗೆ ಹೋಗಿ ಬಂದಳು. ಅಷ್ಟರಲ್ಲಿ ಓಡಿಹೋಗೋಣವೇ ಎಂದು ರಾಯರು ಯೋಚಿಸಿದರು. ಓಡಿಹೋದರೂ ಊಟಕ್ಕೆ ಇದೇ ಮನೆಗೆ ಬರಬೇಕಲ್ಲ ಎಂದು ನಿಂತುಕೊಂಡರು.

"ಯಾಕೆ ಇಷ್ಟು ಬೆವೆತಿದೀರ? ಏನೂ ಆಗಲ್ಲ ಬನ್ನಿ" ಎಂದಳು ಆಕೆ, ತೋಳು ಹಿಡಿದು. ರಾಯರು ಅಭ್ಯಾಸಬಲದಿಂದ ಆ ಕಡೆ ನೋಡಿದರು.

ಮಹಡಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಉದ್ದ ಮೇಜುಗಳು, ಕಿರ್ರೆನ್ನುವ ಫ್ಯಾನು. ಆಟಿಕೆ ಅಂಗಡಿಯ ಮಾಲೀಕನೇ ಅಂಪೈರ್. ಕೊರಳಲ್ಲಿ ಸೀಟಿ, ಕೈಯಲ್ಲಿ ಭೂತಗನ್ನಡಿ. ಅವನು ನಿಯಮ ಓದಿದ. "ಆಟದ ಮಧ್ಯೆ ನೋಡುವವರು ಬಾಯಿ ಬಿಡಬಾರದು. ಫೈನಲ್ಸ್ ಗೆದ್ದವರ ಕಟ್ಟು ಬಿಚ್ಚಿ ಒಂದೊಂದು ಕಾರ್ಡನ್ನೂ ಭೂತಗನ್ನಡಿಯಲ್ಲಿ ಪರೀಕ್ಷೆ ಮಾಡ್ತೀವಿ. ನಕಲಿ ಸಿಕ್ಕರೆ ಜನ್ಮಪೂರ್ತಿ ನಿಷೇಧ, ಫೋಟೋ ಅಲ್ಲಿ ಹೋಗತ್ತೆ."

ಅವನು ತೋರಿಸಿದ ಗೋಡೆಯ ಮೇಲೆ ಮೀಸೆ ಹೊತ್ತ ಒಬ್ಬ ಮನುಷ್ಯನ ಫೋಟೋ ಇತ್ತು. ಕೆಳಗೆ ದಪ್ಪಕ್ಷರದಲ್ಲಿ 'ಮೋಸಗಾರ' ಎಂದು ಬರೆದಿತ್ತು. ಅದಕ್ಕೆ ಲ್ಯಾಮಿನೇಷನ್ ಮಾಡಿತ್ತು. ಅಂಚು ಕತ್ತರಿಸಿದ ರೀತಿ ನೋಡಿದ ಕೂಡಲೇ ರಾಯರಿಗೆ ತಮ್ಮ ಕೈಕೆಲಸದ ಗುರುತು ಹತ್ತಿತು. "ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲ ಸಾರ್" ಎಂದು ಅಂದು ಅವರೇ ಹೇಳಿ ಕೊಟ್ಟಿದ್ದರು. ಈಗ ಆ ಮೀಸೆಯ ಪಕ್ಕದ ಖಾಲಿ ಜಾಗದಲ್ಲಿ ಹೆಂಡತಿಯ ಮುಖ ಕಾಣಿಸತೊಡಗಿತು.

ಅಲ್ಲಿಂದ ಮುಂದೆ ರಾಯರು ದೇವರನ್ನು ಬೇಡಿಕೊಂಡದ್ದನ್ನು ಯಾವ ಗಂಡನೂ ಬೇಡಿಕೊಂಡಿರಲಾರ. ನನ್ನ ಹೆಂಡತಿ ಸೋಲಲಿ ದೇವರೇ. ಸೋತರೆ ಪರೀಕ್ಷೆಯಿಲ್ಲ, ಫೋಟೋ ಇಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಸುಧಾರಿಸಿಕೊಳ್ಳುತ್ತಾಳೆ. ಆದರೆ ಆಕೆ ಮೊದಲ ಸುತ್ತು ಗೆದ್ದಳು. ಎರಡನೆಯದನ್ನೂ ಗೆದ್ದಳು. ಎದುರಾಳಿಗಳ ಕೋಟೆಗಳು ಮರಳಿನ ಮನೆಯಂತೆ ಬೀಳುತ್ತಿದ್ದವು, ಮೊಸಳೆ ಹೊರಬರುವ ಅಗತ್ಯವೇ ಬರಲಿಲ್ಲ. ಒಂದೊಂದು ಗೆಲುವಿಗೂ ಆಕೆ ತಿರುಗಿ ನೋಡಿ ನಕ್ಕರೆ, ರಾಯರು ಕಣ್ಮುಚ್ಚಿ ಕೈಮುಗಿದು ಕೂತಿರುತ್ತಿದ್ದರು.

"ನಿಮ್ಮಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು" ಎಂದಳು ಪಕ್ಕದ ಕುರ್ಚಿಯ ಹೆಂಗಸು. "ನಮ್ಮನೆಯವರು ಟಿವಿ ಮುಂದಿನಿಂದ ಏಳಲ್ಲ."

"ಅವರೇ ಪುಣ್ಯವಂತರು ತಾಯೀ" ಎಂದರು ರಾಯರು.

ಸೆಮಿಫೈನಲ್ಸ್ ಗೆದ್ದಾಗ ಆಕೆಯ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ರಾಯರ ಭಯ ಜಾಗ ಬದಲಿಸಿತು. ಇಷ್ಟು ಹೊತ್ತು ತಮ್ಮ ತಲೆಗೆ ಹೆದರಿದ್ದವರು ಈಗ ಅವಳಿಗಾಗಿ ಹೆದರಿದರು. ಎರಡು ವರ್ಷ ಅತ್ತು, ಈ ಸಲ ಗೆದ್ದು, ಗೆದ್ದ ಗಳಿಗೆಯಲ್ಲೇ ಇಷ್ಟು ಜನರ ಮುಂದೆ ಕಳ್ಳಿ ಅನ್ನಿಸಿಕೊಳ್ಳಬೇಕೇ? ತನ್ನದಲ್ಲದ ತಪ್ಪಿಗೆ?

ಫೈನಲ್ಸಿನಲ್ಲಿ ಎದುರಾಳಿ ಹಲ್ಲಿನ ಡಾಕ್ಟರು. ಸಮಾಧಾನದ ಮನುಷ್ಯ. ರಕ್ತ ತೆಗೆಯುವವಳೂ ಹಲ್ಲು ಕೀಳುವವನೂ ಎದುರುಬದುರು ಕೂತು, ಒಬ್ಬರಿಗಿಂತ ಒಬ್ಬರು ಮೆತ್ತಗೆ ಮಾತಾಡುತ್ತ ಕೋಟೆ ಕೆಡವತೊಡಗಿದರು. ರಾಯರು ಹೆಂಡತಿಯ ಬೆನ್ನ ಹಿಂದೆ ಹೋಗಿ ನಿಂತರು. ಡಾಕ್ಟರ ಕೋಟೆಯಲ್ಲಿ ಉಳಿದದ್ದು ಒಂದೇ ಗೋಡೆ, ಅದೂ ಕೆರೆಯ ಕಡೆಯದು. ಸರದಿ ಡಾಕ್ಟರದ್ದು. ಅವರು ಎರಡು ಕಾರ್ಡು ಹಿಡಿದು ಯಾವುದು ಹಾಕಲಿ ಎಂದು ಯೋಚಿಸುತ್ತಿದ್ದರು. ರಾಯರು ಹೆಂಡತಿಯ ಕೈಯೊಳಗೆ ಇಣುಕಿದರು. ಅಲ್ಲಿ ಮೂರು ತಲೆಯ ಮೊಸಳೆ ಹಲ್ಲು ಕಿರಿದುಕೊಂಡು ಕೂತಿತ್ತು. ಮುಂದಿನ ಸರದಿಗೆ ಅದು ಮೇಜಿಗಿಳಿಯುತ್ತದೆ. ಗೋಡೆ ಬೀಳುತ್ತದೆ. ಇವಳು ಗೆಲ್ಲುತ್ತಾಳೆ. ಭೂತಗನ್ನಡಿ ಬರುತ್ತದೆ.

"ನಿಲ್ಲಿಸಿ ಸ್ವಾಮೀ" ಎಂದಿತು ಒಂದು ದನಿ. ಅದು ತಮ್ಮದೇ ಎಂದು ರಾಯರಿಗೆ ತಡವಾಗಿ ತಿಳಿಯಿತು. "ಇವಳ ಕೈಯಲ್ಲಿರೋ ಮೂರು ತಲೆಯ ಮೊಸಳೆ ನಕಲಿ. ಮಾಡಿದೋನು ನಾನು. ಇವಳಿಗೆ ಏನೂ ಗೊತ್ತಿಲ್ಲ. ಫೋಟೋ ಹಾಕೋದಾದ್ರೆ ನಂದು ಹಾಕಿ."

ಹೆಂಡತಿ ತಿರುಗಿ ನೋಡಿದಳು. ಆಕೆ ಇಷ್ಟು ಮೆತ್ತಗೆ ನೋಡಿದ್ದನ್ನು ರಾಯರು ಹಿಂದೆಂದೂ ಕಂಡಿರಲಿಲ್ಲ.

"ಓ, ಮೊಸಳೆ ಕೈಗೆ ಬಂದಿದೆಯಾ?" ಎಂದು ಡಾಕ್ಟರು ವಿನಯದಿಂದ ಕೇಳಿದರು.

ಅಂಪೈರ್ ಮೊಸಳೆಯನ್ನು ಈಸಿಕೊಂಡು, ಭೂತಗನ್ನಡಿಯಡಿ ಹಿಡಿದು, ತಿರುಗಿಸಿ, ಬೆಳಕಿಗೊಡ್ಡಿ ನೋಡಿದ. "ಅಸಲಿ" ಎಂದ. "ಅಪ್ಪಟ ಅಸಲಿ. ಆಟ ಮುಂದುವರೀಲಿ. ನೀವು ಬಾಯಿ ಮುಚ್ಕೊಂಡು ಹೊರಗೆ ನಿಂತ್ಕೊಳ್ಳಿ ಸಾರ್."

ರಾಯರು ಬಾಗಿಲಾಚೆಯಿಂದ ಇಣುಕಿದರು. ಡಾಕ್ಟರು ಹಾಕಲೋ ಬೇಡವೋ ಎಂದು ಹಿಡಿದಿದ್ದ ಎರಡು ಕಾರ್ಡುಗಳಲ್ಲಿ ಒಂದು ಕೆರೆಗೆ ಹಾಸುವ ಕಬ್ಬಿಣದ ಬಲೆ. ಮೊಸಳೆಗೆ ಅದೊಂದೇ ಮದ್ದು. ಈಗ ಅವರು ಯೋಚಿಸಲೇ ಇಲ್ಲ, ಬಲೆ ಹಾಸಿಬಿಟ್ಟರು. ಹಲ್ಲು ಕೀಳುವಾಗಲೂ ಅವರು ಇಷ್ಟೇ ಮೃದುವಂತೆ. ಇನ್ನೆರಡು ಸರದಿಯಲ್ಲಿ ರಾಯರ ಹೆಂಡತಿಯ ಕೋಟೆ ಬಿತ್ತು.

ಮನೆಯ ದಾರಿಯಲ್ಲಿ ಆಕೆಯೇ ಮಾತು ಶುರುಮಾಡಿದಳು.

"ಕಪಾಟಿನಲ್ಲಿದ್ದದ್ದು ಜೆರಾಕ್ಸ್ ಕಣ್ರೀ. ಮನೇಲಿ ಅಭ್ಯಾಸಕ್ಕೆ ಅಂತ ಮಾಡಿಸಿಟ್ಟಿದ್ದೆ. ಅಸಲಿ ಲ್ಯಾಬಿನ ಲಾಕರಿನಲ್ಲಿತ್ತು. ನೀವಿರೋ ಮನೇಲಿ ಯಾರಾದ್ರೂ ಅಸಲಿ ಕಾಗದ ಇಡ್ತಾರಾ? ಬೆಳಿಗ್ಗೆ ಹೋಗಿ ಅದನ್ನೇ ತಂದೆ."

"ಮತ್ತೆ ನಾನು ಲ್ಯಾಮಿನೇಷನ್..."

"ಗಿರಾಕಿ ಕಥೆ ಹೇಳಿದಾಗಲೇ ಗೊತ್ತಾಯ್ತು. ಬೆಳಿಗ್ಗೆ ಹೇಳಿಬಿಡೋಣ ಅಂತಿದ್ದೆ. ಸರ್ಟಿಫಿಕೇಟು ನೆನಪಾಯ್ತು. ಇವತ್ತೊಂದು ದಿನ ಹೆದರ್ಕೊಂಡಿರ್ಲಿ ಅಂತ ಸುಮ್ಮನಾದೆ." ಆಕೆಯ ದನಿ ಒಡೆಯಿತು. "ಒಂದೇ ಒಂದು ಸರದಿ ಕಣ್ರೀ. ಮೂರು ವರ್ಷ ಕಾದಿದ್ದೆ."

ರಾಯರಿಗೆ ಕಣ್ಣು ತುಂಬಿ ಬಂತು. ಆಕೆಯ ಕೈಚೀಲವನ್ನು ತಾವು ಹಿಡಿದುಕೊಂಡರು. ಆಕೆ ಬಿಟ್ಟುಕೊಟ್ಟಳು. ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ಅಷ್ಟು ಜನರ ಮುಂದೆ ನನ್ನ ಫೋಟೋ ಹಾಕಿ ಅಂದ್ರಲ್ಲ" ಎಂದು ಮೂಗೊರೆಸಿಕೊಂಡು ಸಣ್ಣಗೆ ನಕ್ಕಳು. ಬದುಕಿದೆಯಾ ಬಡಜೀವವೇ ಎಂದುಕೊಂಡರು ರಾಯರು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಡೆಯುತ್ತ ನಡೆಯುತ್ತ ಅವರ ತಲೆಯೊಳಗೆ ಒಂದು ಹುಳು ಹೊಕ್ಕಿತು. ಇಪ್ಪತ್ತು ವರ್ಷ ಜೆರಾಕ್ಸ್ ತೆಗೆದ ಮನುಷ್ಯ ತಾನು, ಕೈಯಲ್ಲಿ ಹಿಡಿದರೂ ಅದು ಜೆರಾಕ್ಸೆಂದು ತಿಳಿಯಲಿಲ್ಲವೇ? ಅಷ್ಟು ಚೆನ್ನಾಗಿತ್ತೇ? ಬೀದಿಯ ತಿರುವಿನಲ್ಲಿ ಎದುರಂಗಡಿಯ ಮಿಣಿಮಿಣಿ ದೀಪದ ಬೋರ್ಡು ಕಾಣಿಸಿದಾಗ ರಾಯರಲ್ಲಿ ಆ ದಿನದ ಭಯಗಳೆಲ್ಲ ಸೇರಿದರೂ ಸಾಲದಂಥ ಭಯ ಎದ್ದಿತು.

"ಅಲ್ಲ ಕಣೇ, ಸುಮ್ನೆ ಕೇಳ್ತೀನಿ. ಆ ಜೆರಾಕ್ಸ್ ಎಲ್ಲಿ ಮಾಡಿಸಿದೆ?"

ಆಕೆ ಬೋರ್ಡಿನ ಕಡೆ ಒಮ್ಮೆ ನೋಡಿ, ಕೈಚೀಲ ವಾಪಸು ಈಸಿಕೊಂಡಳು.

"ಮುಂದಿನ ವರ್ಷ ನಿಮ್ಮ ಬಾಯಿಗೆ ಲ್ಯಾಮಿನೇಷನ್ ಮಾಡಿಸ್ಕೊಂಡೇ ಕರ್ಕೊಂಡು ಹೋಗೋದು" ಎಂದಳು ಮೆತ್ತಗೆ. "ಎಲ್ಲಿ ಮಾಡಿಸ್ತೀನಿ ಅಂತ ಮಾತ್ರ ಕೇಳಬೇಡಿ."