ಮೂಲೆ ಮೊದಲು, ನಡು ಕಡೆಗೆ

ನಮ್ಮ ಭಾವನಷ್ಟು ಚೆಂದಾಗಿ ಆಟ ಶುರು ಮಾಡುವ ಮನುಷ್ಯ ಇಡೀ ಕತಾರಿನಲ್ಲಿ ಇನ್ನೊಬ್ಬನಿರಲಿಲ್ಲ. ಅವರು ಆಟ ಮುಗಿಸಿದ್ದನ್ನು ಮಾತ್ರ ಯಾರೂ ನೋಡಿಲ್ಲ! ಗೆದ್ದದ್ದಿಲ್ಲ, ಸೋತದ್ದಿಲ್ಲ, ಬರೀ ಶುರು ಮಾಡಿದ್ದೇ ಮಾಡಿದ್ದು. ಅದು ಹೇಗೆ ಅಂತೀರಾ?

ತೊಂಬತ್ತರ ದಶಕದ ಮಾತು. ಭಾವ, ಅಂದರೆ ನನ್ನ ಅಕ್ಕನ ಗಂಡ, ರಾಸ್ ಲಫಾನಿನಲ್ಲಿ ಗ್ಯಾಸ್ ಪ್ಲಾಂಟು ಕಟ್ಟುವ ಕಡೆ ಪೈಪಿನ ಕೆಲಸದ ಸೂಪರ್‌ವೈಸರ್. ನಾನು ದೋಹಾದ ಒಂದು ಅಂಗಡಿಯ ಗುಮಾಸ್ತ. ಇಬ್ಬರೂ ಮದೀನತ್ ಖಲೀಫಾದ ವಿಲ್ಲಾವೊಂದರ ಹಿತ್ತಲ ಕಡೆಯ ಎರಡು ಕೋಣೆಗಳಲ್ಲಿ ಇದ್ದೆವು. ಅಕ್ಕ ಮತ್ತು ಮಗಳು ಧಾರವಾಡದಲ್ಲಿ. ಭಾವನ ಗ್ರೇಡಿಗೆ ಫ್ಯಾಮಿಲಿ ವೀಸಾ ಸಿಕ್ಕಿರಲಿಲ್ಲ.

ಸೈಟಿನಲ್ಲಿ ಒಬ್ಬ ಜಪಾನಿ ಇಂಜಿನಿಯರ್ ಇದ್ದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವನು ಭಾವನಿಗೆ ‘ಗೋ’ ಎಂಬ ಆಟ ಕಲಿಸಿದ. ಗೀಟು ಹಾಕಿದ ಮರದ ಮಣೆ, ಕರಿ ಹರಳು ಒಬ್ಬನಿಗೆ, ಬಿಳಿ ಹರಳು ಇನ್ನೊಬ್ಬನಿಗೆ. ಹರಳುಗಳಿಂದ ಬೇಲಿ ಕಟ್ಟಿ ಜಾಗ ಹಿಡಿಯುವುದು, ಅಷ್ಟೇ. ಆದರೆ ಬಿಡುವು ಅರ್ಧ ಗಂಟೆ. ಊಟ ಕಳೆದು ಉಳಿಯುವುದು ಹದಿನೈದು ನಿಮಿಷ. ನಾಲ್ಕು ಮೂಲೆಗಳಲ್ಲಿ ಹರಳು ಕೂರುವಷ್ಟರಲ್ಲಿ ಸೈರನ್ನು! ಜಪಾನಿ ತಲೆಬಾಗಿ ನಮಸ್ಕರಿಸಿ ಹರಳು ತುಂಬಿಕೊಳ್ಳುತ್ತಿದ್ದ. ಮರುದಿನ ಹೊಸ ಆಟ. ಹೀಗೆ ಎರಡು ವರ್ಷ ನಡೆಯಿತು.

ಮೂಲೆಯಲ್ಲಿ ನೀನು ಇಲ್ಲಿ ಇಟ್ಟರೆ ನಾನು ಅಲ್ಲಿ ಇಡಬೇಕು ಎಂದು ಹಿಂದಿನಿಂದ ರೂಢಿಯಾಗಿ ಬಂದ ನಡೆಗಳಿವೆಯಂತೆ. ಅದಕ್ಕೆ ‘ಜೋಸೆಕಿ’ ಅನ್ನುತ್ತಾರೆ. ಸರಿಯಾಗಿ ಆಡಿದರೆ ಇಬ್ಬರಿಗೂ ಸಮಸಮ, ಯಾರಿಗೂ ನಷ್ಟವಿಲ್ಲ. ಜಪಾನಿ ಊರಿಗೆ ಹೋಗುವಾಗ ಮಣೆಯ ಜೊತೆ ಜೋಸೆಕಿಯ ಪುಸ್ತಕವನ್ನೂ ಕೊಟ್ಟುಹೋದ. ಜಪಾನಿ ಭಾಷೆಯ ಒಂದಕ್ಷರ ಬಾರದ ನಮ್ಮ ಭಾವ ಬರೀ ಚಿತ್ರ ನೋಡಿಯೇ ಅದನ್ನು ಬಾಯಿಪಾಠ ಮಾಡಿಬಿಟ್ಟರು.

“ಭಾವಾರ, ಕಡೀಕ ಯಾರು ಗೆದ್ರು ಅಂತ ಹೆಂಗ ಗೊತ್ತಾಗ್ತದ?” ಎಂದು ಒಮ್ಮೆ ಕೇಳಿದೆ.

“ಅಲ್ಲೀತನಾ ನಾವು ಹೋಗೇ ಇಲ್ಲೋ” ಅಂದರು.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ! “ಮೂಲಿ ಮೊದಲ, ಬಾಜೂ ಆಮ್ಯಾಲೆ, ನಡೂ ಕಡೀಕ” ಎಂಬುದು ಆ ಆಟದ ಮೊದಲ ಪಾಠ. ಭಾವ ಅದನ್ನು ಬಾಳಿಗೂ ಅನ್ವಯಿಸಿದರು. ಫ್ರಿಜ್ಜು ಒಂದು ಮೂಲೆಗೆ, ಟೀವಿ ಒಂದು ಮೂಲೆಗೆ, ಅವರ ಮಂಚ ಒಂದು ಮೂಲೆಗೆ, ನನ್ನದು ಇನ್ನೊಂದಕ್ಕೆ. ಟೀವಿ ಅಲ್ಲಿಂದ ನನಗೆ ಕಾಣುತ್ತಲೇ ಇರಲಿಲ್ಲ. ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಮೊದಲು ಮೂಲೆಯ ಕುರ್ಚಿ ಹಿಡಿಯುತ್ತಿದ್ದರು, ಬಡಿಸುವವರಿಗೆ ಇವರು ಕಣ್ಣಿಗೇ ಬೀಳುತ್ತಿರಲಿಲ್ಲ. ಕಾರು ಕಲಿಯಲು ಹೋದಾಗಂತೂ ಕೇಳಬೇಡಿ. ದೋಹಾ ತುಂಬ ರೌಂಡಬೌಟು, ರೌಂಡಬೌಟಿಗೆ ಮೂಲೆ ಎಲ್ಲಿಂದ ಬರಬೇಕು? ಮೂರು ಸುತ್ತು ಸುತ್ತಿದ ಮೇಲೆ ಪಕ್ಕದಲ್ಲಿದ್ದ ಮಲಯಾಳಿ ಮಾಸ್ತರು “ಖಲಾಸ್ ಸಾಬ್, ಬಾಹರ್ ನಿಕಲೋ” ಎಂದು ತಾವೇ ಸ್ಟಿಯರಿಂಗ್ ತಿರುಗಿಸಿ ಕಾರನ್ನು ಸುತ್ತಿನಿಂದ ಹೊರಗೆ ತಂದರಂತೆ.

ಶುಕ್ರವಾರ ಧಾರವಾಡಕ್ಕೆ ಫೋನು. ಮಗಳ ಜೊತೆ ಭಾವನ ಮಾತು ಯಾವ ವಾರ ಕೇಳಿದರೂ ಒಂದೇ.

“ಊಟ ಆತಾ?”

“ಆತ್ರಿ.”

“ಸಾಲಿಗೆ ಹೋಗಿದ್ದ್ಯಾ?”

“ಹೋಗಿದ್ನಿರಿ.”

“ಅವ್ವಗ ಕೊಡು.”

“ಇದು ಜೋಸೆಕಿನ ಅಲ್ಲೇನ್ರಿ?” ಎಂದು ನಾನು ಚೇಷ್ಟೆ ಮಾಡಿದರೆ ಭಾವ ನಗಲಿಲ್ಲ. “ಮುಂದ ಏನ್ ಕೇಳಬೇಕು ಅಂತ ತಿಳಿಯಂಗಿಲ್ಲೋ. ಆಕಿಗೆ ಎರಡು ವರ್ಷ ಇದ್ದಾಗ ಬಂದಾಂವ ನಾ” ಅಂದರು. ನನ್ನ ಚೇಷ್ಟೆಗೆ ನನಗೇ ನಾಚಿಕೆಯಾಯಿತು.

ಭಾವ ಕತಾರಿಗೆ ಬಂದ ಆರು ವರ್ಷದ ಮೇಲೆ ಪ್ರಮೋಶನ್ನು ಬಂತು, ವೀಸಾನೂ ಬಂತು, ನಾವು ಒಂದು ಹಾಲ್, ಎರಡು ಕೋಣೆಯ ಮನೆಗೆ ಬಂದೆವು. ಭಾವ ಡೈರಿಯಲ್ಲಿ ತಯಾರಿ ನಡೆಸಿದರು. ಅವಳು ಹೀಗಂದರೆ ನಾನು ಹೀಗನ್ನಬೇಕು ಎಂದು ಹನ್ನೊಂದು ಪುಟ! ಏರ್‌ಪೋರ್ಟಿನಲ್ಲಿ ಅಕ್ಕನ ಸೆರಗಿನ ಹಿಂದಿನಿಂದ ಒಂದು ಜಡೆ ಇಣುಕಿತು. ಭಾವ ಗಂಟಲು ಸರಿಮಾಡಿಕೊಂಡು, “ಊಟ ಆತಾ?” ಅಂದರು.

“ವಿಮಾನದಾಗ ಆತ್ರಿ.”

“ಸಾಲಿ?”

“ಸೂಟಿರಿ.”

ಹನ್ನೊಂದು ಪುಟ ಅಲ್ಲಿಗೇ ಮುಗಿದವು. ಮನೆಗೆ ಬಂದ ಹುಡುಗಿ ಹಾಲಿನ ಮೂಲೆಯಲ್ಲಿ ತನ್ನ ಚೀಲ ತಬ್ಬಿಕೊಂಡು ಕೂತಳು. ಭಾವನ ಮುಖ ಅರಳಿತು. “ನೋಡು, ಯಾರೂ ಕಲಿಸಿಲ್ಲ, ಹೆಂಗ ಮೂಲಿ ಹಿಡದಾಳ” ಅಂದರು.

ಅಕ್ಕ ದುರುಗುಟ್ಟಿ ನೋಡಿದಳು. “ಅದು ಅಂಜಿ ಕುಂತೈತ್ರಿ” ಅಂದಳು.

ಹದಿನೈದು ದಿನ ಹುಡುಗಿ ಆ ಮೂಲೆ ಬಿಡಲಿಲ್ಲ. ನನ್ನನ್ನು ಮಾಮಾ ಅನ್ನುತ್ತಿದ್ದಳು, ಭಾವನನ್ನು ಮಾತ್ರ ಏನಂತಲೂ ಕರೆಯುತ್ತಿರಲಿಲ್ಲ. ಭಾವ ಚಾಕಲೇಟು ತಂದರು, ಬಣ್ಣದ ಪೆನ್ಸಿಲ್ಲು ತಂದರು, ಕಾರ್ನಿಶ್‌ಗೆ ಕರೆದೊಯ್ದು ಸಮುದ್ರ ತೋರಿಸಿದರು. ಎಲ್ಲದಕ್ಕೂ “ಹ್ಞೂಂ ರಿ” ಎನ್ನುವುದೇ ಅವಳ ಉತ್ತರ. ಭಾವ ಬಡವಾಗಿ ಹೋದರು. “ಹಿಂಗ ಇದ್ರ ಊರಿಗೆ ಕಳಿಸಿಬಿಡೂದು ಪಾಡ. ಅಲ್ಲಿ ನಕ್ಕೋತ ಆದ್ರೂ ಇರ್ತಾಳ” ಎಂದು ಒಂದು ದಿನ ನನ್ನ ಮುಂದೆ ಹೇಳಿದರು.

ಮೂರನೆಯ ಶುಕ್ರವಾರ. ಅಕ್ಕ ಅಡುಗೆಮನೆಯಲ್ಲಿ ಜುಣಕ ಮಾಡುತ್ತಿದ್ದಳು. ಭಾವ ಹಾಲಿನ ನಡುವೆ ಮಣೆ ಹಾಕಿಕೊಂಡು ಕರಿಯನ್ನೂ ಬಿಳಿಯನ್ನೂ ತಾವೇ ಆಡುತ್ತಿದ್ದರು. ಹುಡುಗಿ ಮೂಲೆಯಿಂದ ಎದ್ದು ಬಂದು ನೋಡುತ್ತ ನಿಂತಳು. ಭಾವನ ಕೈ ಅಲ್ಲೇ ನಿಂತಿತು.

“ಆಡ್ತಿ?” ಅಂದರು. ಅವಸರದಲ್ಲಿ ಹರಳೆಲ್ಲ ಬಳಿದು ಮಣೆ ಖಾಲಿ ಮಾಡಿದರು.

ಹುಡುಗಿ ಕರಿ ಹರಳೊಂದನ್ನು ತೆಗೆದುಕೊಂಡು ಮಣೆಯ ನಟ್ಟನಡುವೆ ಇಟ್ಟಳು. ಭಾವ ಕಂಗಾಲು! ಪುಸ್ತಕ ಎತ್ತಿಕೊಂಡು ಪುಟ ತಿರುವಿದರು. ನಡುವಿನದು ಅದರಲ್ಲಿ ಎಲ್ಲಿರಬೇಕು?

“ಅಲ್ಲಿ ಯಾಕ ಇಟ್ಟಿಯವ್ವ?”

“ಮೂಲ್ಯಾಗ ಒಬ್ಬಾಕೀನ ಕುಂತ್ರ ಬ್ಯಾಸರ ಆಗ್ತೈತ್ರಿ.”

ಭಾವ ಪುಸ್ತಕ ಮುಚ್ಚಿದರು. ಒಂದು ಬಿಳಿ ಹರಳು ತೆಗೆದುಕೊಂಡು ಅವಳ ಹರಳಿಗೆ ತಾಗಿಸಿಯೇ ಇಟ್ಟರು. “ನನಗೂ ಇಲ್ಲಿ ಆರು ವರ್ಷ ಭಾಳ ಬ್ಯಾಸರ ಆಗಿತ್ತವ್ವ” ಅಂದರು. ಡೈರಿಯ ಹನ್ನೊಂದು ಪುಟಗಳಲ್ಲಿ ಈ ಮಾತು ಇರಲಿಲ್ಲ, ನಾನು ನೋಡಿದ್ದೆ.

ಹುಡುಗಿ ಮಣೆಯಿಂದ ಕಣ್ಣೆತ್ತಿ ಅವರ ಮುಖವನ್ನೇ ನೋಡಿದಳು.

“ಹಂಗಾದ್ರ ನಮ್ಮನ್ನ ಯಾಕ ಕರಸ್ಕೊಳ್ಳಿಲ್ಲ ಅಪ್ಪಾ?”

ಗ್ರೇಡು, ವೀಸಾ, ಕಂಪನಿಯ ರೂಲು, ಹೇಳಬೇಕೆಂದರೆ ಎಲ್ಲ ಇತ್ತು. ಭಾವ ಒಂದನ್ನೂ ಹೇಳಲಿಲ್ಲ. “ತಪ್ಪಾತವ್ವ” ಅಂದರು. ಹುಡುಗಿ ಸರಿದು ಬಂದು ಅವರ ತೊಡೆಗೆ ಒರಗಿ ಕೂತಳು.

ನಾನು ಅಡುಗೆಮನೆಗೆ ಹೋಗಿ ಅಕ್ಕನ ಕೈಯಿಂದ ಸೌಟು ಇಸಿದುಕೊಂಡೆ. “ನೀ ಹೊರಗ ಅವರ ಕಡೆ ಹೋಗು, ಇದನ್ನ ನಾ ನೋಡ್ಕೋತೀನಿ” ಅಂದೆ.